ಎಷ್ಟು ಡಿಸ್ಕು ಕೆಡಿಸಲು ಬಿಡುತ್ತೀರಿ?

ಪರೀಕ್ಷೆಗಳ ಫಲಿತಾಂಶ ಹೊರಬಿದ್ದಿದೆ; ಬೆಂಗಳೂರಿನ ವಿದ್ಯುತ್ ಕಂಬಗಳ ಮೇಲೆ ಕೋರ್ಸುಗಳ ಚೀಟಿಗಳು ಮತ್ತೆ ಚಿಗುರಿವೆ. ಸತ್ತ ಹಾರ್ಡ್ ಡಿಸ್ಕಿನಿಂದ ಮಾಹಿತಿಯನ್ನು ಹೊರತೆಗೆಯುವ ವಿದ್ಯೆಯನ್ನು ಐದೇ ದಿನದಲ್ಲಿ ಕಲಿಸಿಕೊಡುತ್ತೇವೆಂದು ಕೆಲವು ಚೀಟಿಗಳು ಸಾರುತ್ತವೆ. ಹಣ ಕಟ್ಟುವ ಮೊದಲು ಕೇಳತಕ್ಕ ಪ್ರಶ್ನೆ ಒಂದಿದೆ. ಅದನ್ನು ಕೇಳುವವರು ಕಡಿಮೆ.

ಜೂನ್ ತಿಂಗಳ ಒಂದು ಸಂಜೆ, ಮಳೆ ಆಗತಾನೆ ನಿಂತು, ಸದರ್ ಪತ್ರಪ್ಪ ರಸ್ತೆಯ, ಅಂದರೆ ಊರವರ ಬಾಯಲ್ಲಿ ಎಸ್.ಪಿ. ರೋಡಿನ, ಇಕ್ಕಟ್ಟಾದ ಗಲ್ಲಿಯೊಂದರಲ್ಲಿ ಕೈಗಾಡಿಗಳೂ ಸ್ಕೂಟರುಗಳೂ ಒಂದನ್ನೊಂದು ತಡೆದು ನಿಂತಿದ್ದ ಹೊತ್ತಿನಲ್ಲಿ, ಮಹಡಿಯ ಮೇಲಿನ ಚಿಕ್ಕ ಅಂಗಡಿಯೊಂದರ ಮೇಜಿನ ಮುಂದೆ ನಿವೃತ್ತ ಅಧ್ಯಾಪಕರೊಬ್ಬರು ಕರವಸ್ತ್ರದಲ್ಲಿ ಸುತ್ತಿ ತಂದಿದ್ದ ಕಪ್ಪು ಪೆಟ್ಟಿಗೆಯೊಂದನ್ನು ಬಹು ಜೋಪಾನವಾಗಿ ಬಿಚ್ಚುತ್ತಿದ್ದರು.

ಅದು ಅಂಗೈಯಗಲದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕು. ಅದರೊಳಗಿದ್ದುವು, ಅವರೇ ಹೇಳಿದಂತೆ, ಹಲವು ವರ್ಷಗಳ ಫೋಟೋಗಳು, ಹಿರಿಯ ಮಗಳ ಮದುವೆಯ ವಿಡಿಯೋ, ಮತ್ತು ತಮ್ಮ ಹುಟ್ಟೂರಿನ ಚರಿತ್ರೆಯನ್ನು ಕುರಿತು ಬರೆದು ಇನ್ನೇನು ಮುಗಿಯಲಿದ್ದ ಒಂದು ಪುಸ್ತಕ.

ಅಂಗಡಿಯ ತರುಣನು ಅದಕ್ಕೆ ತಂತಿ ಜೋಡಿಸಿ, ಪೆಟ್ಟಿಗೆಯನ್ನು ಕಿವಿಯ ಬಳಿಗೆ ಹಿಡಿದನು. ಟಿಕ್, ಟಿಕ್, ಟಿಕ್. ನಾಲ್ಕನೆಯದು ಕೇಳಿಸುವ ಮೊದಲೇ ತಂತಿಯನ್ನು ಕಿತ್ತುಬಿಟ್ಟನು.

"ಸಾರ್, ನಮ್ಮ ಹತ್ರ ಬರೋಕ್ ಮುಂಚೆ ಇದನ್ನ ಯಾರಾದ್ರೂ ಮುಟ್ಟಿದ್ರಾ?"

"ಅಂಗಡಿಯವ್ರು ಯಾರೂ ಮುಟ್ಟಿಲ್ಲಪ್ಪ. ನಮ್ಮಕ್ಕನ ಮಗ ಒಬ್ಬ ಇದ್ದಾನೆ, ಇದರದ್ದೇ ಒಂದು ಕೋರ್ಸ್ ಮಾಡ್ಕೊಂಡಿದ್ದಾನೆ. ಅವನು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಒಂದು ರಾತ್ರಿ ಫ್ರಿಜ್ಜಲ್ಲಿ ಇಟ್ಟಿದ್ದ. ಆಮೇಲೆ ಯಾವುದೋ ಸಾಫ್ಟ್‌ವೇರ್ ಹಾಕಿ ಆರು ಗಂಟೆ ಓಡಿಸ್ದ."

ತರುಣನು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. "ಹೆಡ್ ಹೋಗಿದೆ ಸಾರ್. ಪ್ಲ್ಯಾಟರ್ ಗೀಚಿಲ್ಲ ಅಂದ್ರೆ ನಿಮ್ಮ ಪುಣ್ಯ," ಎಂದಷ್ಟೇ ನುಡಿದು ಚೀಟಿ ಬರೆಯತೊಡಗಿದನು.

ಅಧ್ಯಾಪಕರು ಮೆಟ್ಟಿಲಿಳಿದು ಹೋದ ಮೇಲೆ, ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ನಾನು, ನೀವು ಈ ಕೆಲಸವನ್ನು ಎಲ್ಲಿ ಕಲಿತಿರಿ ಎಂದು ಕೇಳಿದೆನು. ಅವನು ಮೇಜಿನಡಿಯ ಗೋಣಿಚೀಲವನ್ನು ಕಾಲಿನಿಂದ ಮುಂದಕ್ಕೆ ತಳ್ಳಿ ತೋರಿಸಿದನು. ಅದರ ತುಂಬ ಮುಚ್ಚಳ ಕಳಚಿದ ಡಿಸ್ಕುಗಳು. "ಇವೆಲ್ಲ ನಾನು ಕೆಡಿಸಿದ್ದು ಸಾರ್. ಗಿರಾಕಿಗಳದ್ದಲ್ಲ, ಗುಜರೀದು."

ತಟ್ಟೆಯೂ ತೇಲುವ ಹೆಡ್ಡೂ

ಅಧ್ಯಾಪಕರ ಸೋದರಳಿಯನನ್ನು ಹೀಗಳೆಯುವುದು ಸುಲಭ. ಆದರೆ ಹಣ ಕೊಟ್ಟು, ಪರಿಶ್ರಮಪಟ್ಟು, ಪ್ರಮಾಣಪತ್ರವನ್ನೂ ಸಂಪಾದಿಸಿಕೊಂಡು ಬಂದ ಹುಡುಗನೊಬ್ಬನು ತನ್ನ ಸೋದರಮಾವನ ಜೀವಮಾನದ ಸಂಗ್ರಹವನ್ನು ಒಂದು ರಾತ್ರಿಯಲ್ಲಿ ಅಪಾಯಕ್ಕೆ ಒಡ್ಡಿದನೆಂದರೆ, ದೋಷದ ಅರ್ಧಾಂಶವನ್ನಾದರೂ ಅವನಿಗೆ ಕಲಿಸಿದವರ ತಲೆಯ ಮೇಲೆ ಹೊರಿಸಬೇಕಾಗುತ್ತದೆ. ಈ ವಿದ್ಯೆಯಲ್ಲಿ ಕಲಿಸಬಹುದಾದದ್ದು ಏನು, ಕಲಿಸಲಾಗದ್ದು ಏನು ಎಂಬುದು ತಿಳಿಯಬೇಕಾದರೆ ಆ ಪೆಟ್ಟಿಗೆಯ ಒಳಗೆ ಒಮ್ಮೆ ಇಣುಕಿ ನೋಡತಕ್ಕದ್ದು.

ಕಂಪ್ಯೂಟರಿನ ಇತರ ಅಂಗಗಳು ಬಹುಮಟ್ಟಿಗೆ ವಿದ್ಯುತ್ತಿನ ವಸ್ತುಗಳು; ಹಾರ್ಡ್ ಡಿಸ್ಕಾದರೋ ಅರ್ಧ ವಿದ್ಯುತ್ತು, ಅರ್ಧ ಯಂತ್ರ. ಅಲ್ಯೂಮಿನಿಯಮ್ ಅಥವಾ ಗಾಜಿನಿಂದ ಮಾಡಿ ಕಾಂತೀಯ ಲೇಪನವನ್ನು ಕೊಟ್ಟ ಪ್ಲ್ಯಾಟರ್ ಎಂಬ ತಟ್ಟೆಗಳು ಅದರಲ್ಲಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಮೇಜಿನ ಕಂಪ್ಯೂಟರಿನಲ್ಲಿರುವ 7200 ಸುತ್ತಿನ ದೊಡ್ಡ ಡಿಸ್ಕಿನಲ್ಲಿ ತಟ್ಟೆಯ ಅಂಚು ಗಂಟೆಗೆ 120 ಕಿಲೋಮೀಟರಿಗೂ ಮಿಗಿಲಾದ ವೇಗದಿಂದ ಓಡುತ್ತಿರುತ್ತದೆ. ಆ ವೇಗದಿಂದ ಉಂಟಾದ ಗಾಳಿಯ ಪದರದ ಮೇಲೆ, ಓದುವ ಹಾಗೂ ಬರೆಯುವ ಹೆಡ್ ಎಂಬ ಸೂಕ್ಷ್ಮಾಂಗವು ತಟ್ಟೆಯನ್ನು ಮುಟ್ಟದೆ ತೇಲುತ್ತಿರುತ್ತದೆ.

ಹೆಡ್ಡಿಗೂ ತಟ್ಟೆಗೂ ನಡುವಣ ಅಂತರ ಕೆಲವೇ ನ್ಯಾನೋಮೀಟರು. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರು. ಒಂದು ಧೂಳಿನ ಕಣ, ಒಂದು ಬೆರಳಿನ ಗುರುತು ಸಹ ಆ ಎಡೆಯಲ್ಲಿ ಪರ್ವತಪ್ರಾಯವೆಂಬುದನ್ನು ಬೇರೆ ಹೇಳಬೇಕಾದದ್ದಿಲ್ಲ.

ಹೆಡ್ ಕೆಟ್ಟು ಕೆಳಗೆ ತಗುಲಿತೆಂದರೆ, ತಟ್ಟೆ ತಿರುಗಿದಷ್ಟು ಹೊತ್ತೂ ಅದು ಕಾಂತೀಯ ಲೇಪನವನ್ನು ಕೆರೆಯುತ್ತ ಹೋಗುತ್ತದೆ. ಆ ಲೇಪನವೇ ಮಾಹಿತಿ. ಹುಡಿಯಾಗಿ ಉದುರಿದುದನ್ನು ಮರಳಿ ಅಂಟಿಸಬಲ್ಲ ಸಾಧನ ಯಾವ ಪ್ರಯೋಗಶಾಲೆಯಲ್ಲಿಯೂ ಇಲ್ಲ. ಫ್ರಿಜ್ಜಿನಿಂದ ತೆಗೆದ ಡಿಸ್ಕಿನೊಳಗೆ ತೇವ ಕಟ್ಟಿಕೊಳ್ಳುವ ಸಂಭವವುಂಟು. ಆ ಮೇಲೆ ಆರು ಗಂಟೆಯ ಕಾಲ ಸಾಫ್ಟ್‌ವೇರನ್ನು ಓಡಿಸುವುದೆಂದರೆ ಆರು ಗಂಟೆಯ ಕಾಲ ಕೆರೆಯಲು ಅನುಮತಿ ಕೊಡುವುದೆಂದೇ ಅರ್ಥ.

> ಚೌಕಟ್ಟು: ಒಂದು ಟನ್ನಿನಿಂದ ಅಂಗೈಗೆ
>
> ಮೊದಲ ಹಾರ್ಡ್ ಡಿಸ್ಕನ್ನು ಐಬಿಎಂ ಸಂಸ್ಥೆಯು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ರೂಪಿಸಿ 1956ರಲ್ಲಿ ಹೊರತಂದಿತು. 24 ಅಂಗುಲ ವ್ಯಾಸದ 50 ತಟ್ಟೆಗಳು, ಸುಮಾರು ಒಂದು ಟನ್ ತೂಕ; ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ.
>
> ಸೀಗೇಟ್ 1980ರಲ್ಲಿ ತಂದ ಐದೂಕಾಲು ಅಂಗುಲದ ಡಿಸ್ಕಿನ ಸಾಮರ್ಥ್ಯ 5 ಎಂಬಿ.
>
> ಇಂದಿನ ಡಿಸ್ಕುಗಳ ಸಾಂದ್ರತೆಗೆ ದಾರಿ ಮಾಡಿದ ಕಾಂತೀಯ ವಿದ್ಯಮಾನವನ್ನು ಕಂಡುಹಿಡಿದ ಆಲ್ಬೆರ್ ಫೆರ್ ಮತ್ತು ಪೀಟರ್ ಗ್ರುನ್‌ಬರ್ಗ್ ಅವರಿಗೆ 2007ರ ಭೌತಶಾಸ್ತ್ರದ ನೊಬೆಲ್ ಬಹುಮಾನ ಸಂದಿತು.
>
> ಒಂದು ಕಾಲಕ್ಕೆ ಇನ್ನೂರಕ್ಕೂ ಹೆಚ್ಚು ಕಂಪನಿಗಳು ಹಾರ್ಡ್ ಡಿಸ್ಕು ತಯಾರಿಸಿದ್ದುಂಟು. ಈಗ ಉಳಿದಿರುವವು ಮೂರು: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ.

ಪಾಠಕ್ಕೆ ಒಗ್ಗುವುದು, ಒಗ್ಗದ್ದು

ಡಿಸ್ಕಿನ ರೋಗಗಳೆಲ್ಲ ಒಂದೇ ಜಾತಿಯವಲ್ಲ; ಕೋರ್ಸಿನ ಪ್ರಯೋಜನವೂ ರೋಗದಿಂದ ರೋಗಕ್ಕೆ ಬೇರೆಯಾಗುತ್ತದೆ.

ಯಂತ್ರವು ಸ್ವಸ್ಥವಾಗಿದ್ದು ಕಡತಗಳು ಮಾತ್ರ ಅಳಿಸಿಹೋಗಿದ್ದರೆ, ಅಥವಾ ಯಾರೋ ಅವಸರದಲ್ಲಿ ಫಾರ್ಮ್ಯಾಟ್ ಮಾಡಿದ್ದರೆ, ಅದು ತಕ್ಕಮಟ್ಟಿಗೆ ಸೌಮ್ಯವಾದ ರೋಗ. ಕಡತವನ್ನು ಅಳಿಸಿದಾಗ ಅದರ ವಿಳಾಸವು ಹೋಗುತ್ತದೆಯೇ ಹೊರತು, ಅದರ ಮೇಲೆ ಬೇರೊಂದು ಬರೆಹ ಬೀಳುವ ತನಕ ಸಾಮಾನ್ಯವಾಗಿ ಕಡತವು ಇದ್ದಲ್ಲಿಯೇ ಇರುತ್ತದೆ. ಟೆಸ್ಟ್‌ಡಿಸ್ಕ್, ಫೋಟೋರೆಕ್‌ಗಳಂತಹ ಸಾಫ್ಟ್‌ವೇರ್ ಯಾರಿಗಾದರೂ ಉಚಿತವಾಗಿ ದೊರೆಯುತ್ತದೆ. ಕೆಡುತ್ತಿರುವ ಡಿಸ್ಕಿನ ಪ್ರತಿಯನ್ನು ತಾಳ್ಮೆಯಿಂದ ತೆಗೆಯುವ ಡಿಡಿರೆಸ್ಕ್ಯೂ ಕೂಡ ಉಚಿತವೇ. ಇವುಗಳ ಗುಂಡಿ ಒತ್ತುವುದನ್ನು ಕಲಿಸುವುದಕ್ಕೆ ಹತ್ತಾರು ಸಾವಿರ ರೂಪಾಯಿ ತೆಗೆದುಕೊಳ್ಳುವ ಕೋರ್ಸಿಗೆ ಹೋಗುವುದು ದುಂದುವೆಚ್ಚವೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಆದರೆ ಗುಂಡಿಯ ಹಿಂದಿರುವ ಶಾಸ್ತ್ರದ ಮಾತು ಬೇರೆ. ಎನ್‌ಟಿಎಫ್‌ಎಸ್ ಎಂಬ ವ್ಯವಸ್ಥೆಯು ಪ್ರತಿಯೊಂದು ಕಡತಕ್ಕೂ ಒಂದು ದಾಖಲೆಯನ್ನು ಹೇಗೆ ಬರೆದಿಡುತ್ತದೆ, ಜೆಪೆಗ್ ಚಿತ್ರವೊಂದು ಎಫ್‌ಎಫ್ ಡಿ8 ಎಂಬ ಸಂಕೇತದಿಂದಲೇ ಏಕೆ ಆರಂಭವಾಗಬೇಕು, ಬೂಟ್ ಸೆಕ್ಟರಿನ ಕೊನೆಯ ಎರಡು ಬೈಟುಗಳು ಯಾವುವು ಎಂಬುದನ್ನು ಬೈಟುಗಳನ್ನು ಇದ್ದಂತೆಯೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ಬರಿಗಣ್ಣಿಂದ ಓದಬಲ್ಲವನು, ಸಾಫ್ಟ್‌ವೇರ್ ಏನೂ ಸಿಗಲಿಲ್ಲ ಎಂದು ಕೈಚೆಲ್ಲಿದ ಸ್ಥಳದಿಂದ ತನ್ನ ಕೆಲಸವನ್ನು ಪ್ರಾರಂಭಿಸುತ್ತಾನೆ. ಇದು ಕ್ರಮಬದ್ಧವಾದ, ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗದ, ಕರಿಹಲಗೆಯ ಮೇಲೆ ಬರೆದು ವಿವರಿಸಬಹುದಾದ ಜ್ಞಾನ. ಒಳ್ಳೆಯ ಗುರುವಿನ ಬಳಿ ಒಂದು ವಾರದಲ್ಲಿ ಕಲಿತದ್ದನ್ನು ಒಂಟಿಯಾಗಿ ಕಲಿಯಲು ಒಂದು ವರ್ಷ ಬೇಕಾದೀತು. ಕೋರ್ಸೆಂಬುದಕ್ಕೆ ಪೂರ್ಣ ಬೆಲೆ ಸಲ್ಲುವುದಾದರೆ ಇಲ್ಲಿಯೇ ಸಲ್ಲಬೇಕು.

ಎರಡನೆಯ ಜಾತಿಯ ರೋಗ ಬೋರ್ಡಿನದು, ಅದಕ್ಕಿಂತ ಗೂಢವಾಗಿ, ಡಿಸ್ಕನ್ನು ಒಳಗಿನಿಂದ ನಡೆಸುವ ತಂತ್ರಾಂಶವಾದ ಫರ್ಮ್‌ವೇರಿನದು. ಬೋರ್ಡಿನ ಕೆಲವು ಕಾಯಿಲೆಗಳು ಬಹಳ ಅಗ್ಗ: 12 ವೋಲ್ಟಿನ ಡಿಸ್ಕಿಗೆ ಲ್ಯಾಪ್‌ಟಾಪಿನ 19 ವೋಲ್ಟಿನ ಅಡಾಪ್ಟರನ್ನು ಚುಚ್ಚಿದಾಗ, ಕೆಲವು ರೂಪಾಯಿ ಬೆಲೆಯ ಒಂದು ಡಯೋಡು ತಾನು ಸತ್ತು ಮಿಕ್ಕದ್ದನ್ನು ಉಳಿಸುವುದುಂಟು. ಬೋರ್ಡೇ ಸುಟ್ಟುಹೋದರೆ ಅದೇ ಮಾದರಿಯ ಇನ್ನೊಂದು ಬೋರ್ಡನ್ನು ತಿರುಪು ಬಿಗಿದು ಕೂರಿಸಿದರಾಯಿತಲ್ಲ ಎಂದು ಹೊಸಬರಿಗೆ ತೋರುವುದು ಸಹಜ. ಹಳೆಯ ಡಿಸ್ಕುಗಳಲ್ಲಿ ಅದು ನಡೆಯುತ್ತಲೂ ಇತ್ತು. ಈಚಿನ ಡಿಸ್ಕುಗಳಲ್ಲಿ ಪ್ರತಿಯೊಂದು ಬೋರ್ಡಿನ ರೋಮ್ (ROM) ಚಿಪ್ಪಿನೊಳಗೆ ಆ ಒಂದೇ ಡಿಸ್ಕಿನ ಹೆಡ್ಡುಗಳಿಗೆಂದು ಕಾರ್ಖಾನೆಯಲ್ಲಿ ಹೊಂದಿಸಿದ ಅಳತೆಗಳಿರುವುದರಿಂದ, ಆ ಚಿಪ್ಪನ್ನು ಹಳೆಯ ಬೋರ್ಡಿನಿಂದ ಬಿಸಿಗಾಳಿ ಹಾಯಿಸಿ ಎತ್ತಿ ಹೊಸದಕ್ಕೆ ಬೆಸೆಯದ ಹೊರತು ಡಿಸ್ಕು ಸಾಮಾನ್ಯವಾಗಿ ಏಳುವುದಿಲ್ಲ.

ಫರ್ಮ್‌ವೇರಾದರೋ ಒಂದು ಸಮುದ್ರ. ತಟ್ಟೆಯ ಮೇಲೆಯೇ, ನಮ್ಮ ಕಡತಗಳಿಗೆ ಎಟುಕದ ಒಂದು ವಲಯವನ್ನು ತಯಾರಕರು ಕಾದಿರಿಸಿರುತ್ತಾರೆ. ಕಸುಬಿನವರು ಸರ್ವೀಸ್ ಏರಿಯಾ ಎನ್ನುವ ಆ ವಲಯದಲ್ಲಿ ಹುಟ್ಟಿನಿಂದಲೇ ಕೆಟ್ಟಿರುವ ಸೆಕ್ಟರುಗಳ ಪಟ್ಟಿ, ಆಮೇಲೆ ಕೆಟ್ಟವುಗಳ ಪಟ್ಟಿ, ಯಾವ ಸಂಖ್ಯೆಯ ಸೆಕ್ಟರು ತಟ್ಟೆಯ ಮೇಲೆ ಯಾವ ಸ್ಥಾನದಲ್ಲಿದೆಯೆಂದು ತಿಳಿಸುವ ಟ್ರಾನ್ಸ್‌ಲೇಟರ್, ಇವೇ ಮೊದಲಾದುವು ಇರುತ್ತವೆ. ಇವುಗಳಲ್ಲಿ ಒಂದು ಕೆಟ್ಟರೂ, ತಟ್ಟೆ ಹೆಡ್ಡುಗಳೆಲ್ಲ ಸುಸ್ಥಿತಿಯಲ್ಲಿದ್ದು ಸಹ, ಡಿಸ್ಕು ತನ್ನ ಹೆಸರನ್ನು ತಾನೇ ಹೇಳಲಾರದೆ ಹೋಗುತ್ತದೆ. ಇದರ ವಿವರಗಳನ್ನು ತಯಾರಕರು ಯಾರಿಗೂ ಪ್ರಕಟಪಡಿಸುವುದಿಲ್ಲ. ಹೊರಗಿನ ಜಗತ್ತಿಗೆ ಗೊತ್ತಿರುವುದೆಲ್ಲ, ರಷ್ಯಾ ಮೂಲದ ಏಸ್ ಲ್ಯಾಬ್, ಕೆನಡಾದ ಡೀಪ್‌ಸ್ಪಾರ್, ಚೀನಾದ ಎಂಆರ್‌ಟಿ ಮೊದಲಾದ ಉಪಕರಣ ತಯಾರಕರೂ ಲೋಕದ ನಾನಾ ಕಡೆಯ ಅಂಗಡಿಕಾರರೂ ಒಂದೊಂದೇ ಮಾದರಿಯನ್ನು ಹಿಂದುಮುಂದಾಗಿ ಬಿಡಿಸಿ ನೋಡಿ ಕೂಡಿಹಾಕಿದ ವಿದ್ಯೆ.

ಅದು ಹೇಗೆ ಕೂಡುತ್ತದೆಂಬುದಕ್ಕೆ ಸೀಗೇಟ್ ಕಂಪನಿಯ 7200.11 ಶ್ರೇಣಿಯ ಡಿಸ್ಕುಗಳ ಕಥೆಯೇ ಸಾಕ್ಷಿ. 2008ರ ಕೊನೆಗೂ 2009ರ ಆರಂಭಕ್ಕೂ ನಡುವೆ, ನಿನ್ನೆ ರಾತ್ರಿ ಸರಿಯಾಗಿದ್ದ ಡಿಸ್ಕುಗಳು ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದಾಗ ಕಾಣದೇ ಹೋಗತೊಡಗಿದುವು. ತಟ್ಟೆಯಲ್ಲಿ ದೋಷವಿರಲಿಲ್ಲ, ಡಿಸ್ಕು ತನ್ನೊಳಗೆ ತಾನೇ ಬರೆದುಕೊಳ್ಳುವ ಘಟನಾವಳಿಯ ಎಣಿಕೆಯು ಒಂದು ನಿರ್ದಿಷ್ಟ ಅಂಕೆಯಲ್ಲಿ ನಿಂತಿರುವಾಗ ವಿದ್ಯುತ್ತು ಬಂದರೆ ಫರ್ಮ್‌ವೇರು ದಿಗ್ಭ್ರಮೆಗೊಂಡು ಸ್ತಬ್ಧವಾಗುತ್ತಿತ್ತು. ಕಂಪನಿಯು ಹೊಸ ಫರ್ಮ್‌ವೇರನ್ನು ಸಿದ್ಧಪಡಿಸಿ ಹಂಚುವುದಕ್ಕೆ ಮೊದಲೇ, ಲೋಕದ ನಾನಾ ಮೂಲೆಗಳ ಹವ್ಯಾಸಿಗಳು ಬೋರ್ಡಿಗೂ ಹೆಡ್ಡಿನ ಸಂಪರ್ಕಕ್ಕೂ ನಡುವೆ ಒಂದು ಕಾಗದದ ಚೂರನ್ನು ಸಿಕ್ಕಿಸಿ, ಡಿಸ್ಕಿನ ಹಿಂಬದಿಯ ಸಣ್ಣ ಪಿನ್ನುಗಳಿಗೆ ಸೀರಿಯಲ್ ತಂತಿ ಜೋಡಿಸಿ, ನಾಲ್ಕಾರು ಆಜ್ಞೆಗಳನ್ನು ಬೆರಳಚ್ಚಿಸಿ, ಸತ್ತವೆಂದುಕೊಂಡಿದ್ದ ಡಿಸ್ಕುಗಳನ್ನು ಎಬ್ಬಿಸಿದರು.

ಆ ಕೆಲವು ತಿಂಗಳುಗಳಲ್ಲಿ ಫರ್ಮ್‌ವೇರಿನ ವಿಷಯದಲ್ಲಿ ಜನಸಾಮಾನ್ಯರು ಕಲಿತಷ್ಟನ್ನು ಯಾವ ಪಠ್ಯಕ್ರಮವೂ ಕಲಿಸಿರಲಾರದು. ಆದರೆ ಅದೇ ಆಜ್ಞೆಗಳನ್ನು ಬೇರೊಂದು ಮಾದರಿಯ ಮೇಲೆ ಕಣ್ಣುಮುಚ್ಚಿ ಪ್ರಯೋಗಿಸಿದವರ ಕೈಯಲ್ಲಿ ಉಳಿಯಬಹುದಾಗಿದ್ದ ಡಿಸ್ಕುಗಳೂ ಸತ್ತುವು. ಈ ಜ್ಞಾನದ ಸ್ವಭಾವವೇ ಹಾಗೆ: ಮಾದರಿ ಬದಲಾದಂತೆ ಹಳತಾಗುತ್ತದೆ. ಐದು ವರ್ಷದ ಹಿಂದೆ ಅಚ್ಚಾದ ಕೋರ್ಸಿನ ಟಿಪ್ಪಣಿಯು ಇಂದಿನ ಡಿಸ್ಕಿನ ಮುಂದೆ ಅಷ್ಟಾಗಿ ಉಪಯೋಗಕ್ಕೆ ಬಾರದು.

> ಚೌಕಟ್ಟು: ಡಿಸ್ಕು 'ಟಿಕ್' ಎಂದರೆ
>
> ವಿದ್ಯುತ್ ತಂತಿಯನ್ನು ಕೂಡಲೇ ತೆಗೆಯಿರಿ. 'ಇನ್ನೊಂದು ಸಲ ನೋಡೋಣ' ಎನ್ನುವುದು ಬೇಡ.
>
> ಫ್ರಿಜ್ಜು ಬೇಡ, ತಟ್ಟುವುದು ಬೇಡ, ಮುಚ್ಚಳ ತೆರೆಯುವುದು ಸರ್ವಥಾ ಬೇಡ.
>
> ಅಳಿಸಿಹೋದ ಕಡತವನ್ನು ಹುಡುಕುವ ಸಾಫ್ಟ್‌ವೇರನ್ನು ಅದೇ ಡಿಸ್ಕಿಗೆ ಇನ್‌ಸ್ಟಾಲ್ ಮಾಡಬೇಡಿ. ಸಿಕ್ಕಿದ್ದನ್ನು ಅದರ ಮೇಲೆಯೇ ಉಳಿಸಬೇಡಿ.
>
> ಒಮ್ಮೆ ಮೇಲೆ ಬರೆದುಹೋದ ಮಾಹಿತಿಯನ್ನು ಮರಳಿ ತರುತ್ತೇವೆನ್ನುವವರನ್ನು ನಂಬಬೇಡಿ.

ಹೆಣವಿಲ್ಲದ ವೈದ್ಯಕೀಯ ಕಾಲೇಜು

ಇನ್ನುಳಿದುದು ಹೆಡ್ಡಿನ ಬದಲಾವಣೆ; ಚೀಟಿಗಳಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚಾಗುವುದೂ, ತರುಣರನ್ನು ಆಕರ್ಷಿಸುವುದೂ ಇದೇ.

ಕೆಟ್ಟ ಹೆಡ್ಡುಗಳನ್ನು ತೆಗೆದು ಒಳ್ಳೆಯ ಹೆಡ್ಡುಗಳನ್ನು ಹಾಕಬೇಕಾದರೆ, ಮೊದಲು ಅದೇ ಮಾದರಿಯ, ಅದೇ ಫರ್ಮ್‌ವೇರ್ ವಂಶದ, ಸಾಧ್ಯವಾದರೆ ಅದೇ ಕಾರ್ಖಾನೆಯಲ್ಲಿ ಅದೇ ಕಾಲದಲ್ಲಿ ತಯಾರಾದ ಇನ್ನೊಂದು ಡಿಸ್ಕು ಬೇಕು. ಕಸುಬಿನವರು ಅದನ್ನು ಡೋನರ್ ಎನ್ನುತ್ತಾರೆ. ಬಳಿಕ ಶುದ್ಧವಾಯುವಿನ ಪೀಠ ಬೇಕು: ಅಂತಹ ಪೀಠದ ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನಿಗೆ ಮೇಲ್ಪಟ್ಟ ಕಣಗಳು ನೂರನ್ನು ಮೀರಕೂಡದು, ನಮ್ಮ ಸಾಮಾನ್ಯ ಕೋಣೆಗಳಲ್ಲಿ ಅವು ಲಕ್ಷಗಟ್ಟಲೆ ಇರುತ್ತವೆ. ಅದಾದ ಮೇಲೆ ಹೆಡ್ಡುಗಳು ಒಂದಕ್ಕೊಂದು ತಗುಲದಂತೆ ಹಿಡಿದಿಡುವ ಬಾಚಣಿಗೆಯಂತಹ ಸಲಕರಣೆ ಬೇಕು. ಇಷ್ಟೆಲ್ಲ ಕೂಡಿದ ಮೇಲೆಯೂ, ನಡುಗದ ಎರಡು ಕೈಗಳು ಬೇಕು.

ಸಲಕರಣೆಗಳನ್ನು ಕೊಳ್ಳಬಹುದು, ಕೈಗಳನ್ನು ಕೊಳ್ಳಲಾಗದು. ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ವಿದ್ಯಾರ್ಥಿಗೆ ಮೊದಲು ಹೆಣವನ್ನು ಕೊಡುತ್ತಾರೆ. ಅವನ ಕತ್ತಿ ಅಲ್ಲಿ ಎಷ್ಟು ಸಲ ತಪ್ಪಿದರೂ ನೋಯುವವರು ಯಾರೂ ಇಲ್ಲ. ಹಾರ್ಡ್ ಡಿಸ್ಕಿನ ಐದು ದಿನದ ಕೋರ್ಸಿನಲ್ಲಿ ಬಹುಮಟ್ಟಿಗೆ ನಡೆಯುವುದೇನೆಂದರೆ, ಗುರುಗಳು ಒಂದು ಡಿಸ್ಕನ್ನು ಬಿಚ್ಚಿ ತೋರಿಸುತ್ತಾರೆ, ಇಪ್ಪತ್ತು ಜನ ಸುತ್ತ ನಿಂತು ನೋಡುತ್ತಾರೆ, ಹತ್ತು ಜನ ಮೊಬೈಲಿನಲ್ಲಿ ಚಿತ್ರಿಸಿಕೊಳ್ಳುತ್ತಾರೆ, ಸಂಜೆಗೆ ಪ್ರಮಾಣಪತ್ರ. ಅನಂತರ ಆ ವಿದ್ಯಾರ್ಥಿಯ ಮೊದಲ ಹೆಣ ಯಾವುದು? ಅವನನ್ನು ನಂಬಿ ಬಂದ ಮೊದಲ ಗಿರಾಕಿಯ ಡಿಸ್ಕು, ಇಲ್ಲವೇ ಸೋದರಮಾವನದು.

ಈ ಕಸುಬಿನಲ್ಲಿ ಅಧರ್ಮವೆನ್ನಬಹುದಾದದ್ದು ಒಂದಿದ್ದರೆ ಅದು ಇದೇ. ಗಿರಾಕಿಗೆ ಎರಡನೆಯ ಅವಕಾಶವಿಲ್ಲ; ಮೊದಲು ಮುಟ್ಟಿದ ಕೈಯೇ ಬಹುಮಟ್ಟಿಗೆ ಕೊನೆಯ ಕೈ.

ಪಳಗಿದ ಕೈ ಏನನ್ನು ಸಾಧಿಸಬಲ್ಲುದೆಂಬುದಕ್ಕೆ ಒಂದು ನಿದರ್ಶನ ಲೋಕವಿಖ್ಯಾತವಾಗಿದೆ. 2003ರ ಫೆಬ್ರವರಿ 1ರಂದು, ಕರ್ನಾಲ್‌ನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಅವರೂ ಸೇರಿದಂತೆ ಏಳು ಮಂದಿಯನ್ನು ಹೊತ್ತ ಕೊಲಂಬಿಯಾ ನೌಕೆಯು ಭೂಮಿಗೆ ಮರಳುವಾಗ ಆಕಾಶದಲ್ಲಿಯೇ ಛಿದ್ರವಾಯಿತು. ಅದರ ಅವಶೇಷಗಳ ನಡುವೆ, ಟೆಕ್ಸಾಸಿನ ಬತ್ತಿದ ಕೆರೆಯಂಗಳದಲ್ಲಿ, ಕೆಲವು ತಿಂಗಳ ತರುವಾಯ ಸಿಕ್ಕ ಒಂದು ಡಿಸ್ಕು ಸುಟ್ಟು ಕರಗಿದ ಲೋಹದ ಮುದ್ದೆಯಂತಿತ್ತು; ಅದರಲ್ಲಿದ್ದುದು ಕ್ಸೆನಾನ್ ಅನಿಲದ ಸ್ನಿಗ್ಧತೆಯನ್ನು ಅಳೆಯುವ ಪ್ರಯೋಗದ ದಾಖಲೆ. ಮಿನಿಯಾಪೊಲಿಸ್‌ನ ಆನ್‌ಟ್ರ್ಯಾಕ್ ಸಂಸ್ಥೆಯ ಇಂಜಿನಿಯರರು ಅದರ ತಟ್ಟೆಗಳನ್ನು ತೆಗೆದು, ರಾಸಾಯನಿಕದಿಂದ ತೊಳೆದು, ಇನ್ನೊಂದು ಕವಚದಲ್ಲಿ ಕೂರಿಸಿ, ಶೇ 99ರಷ್ಟು ಮಾಹಿತಿಯನ್ನು ಹೊರತೆಗೆದರು. ಪ್ರಯೋಗದ ಫಲಿತಾಂಶವು 2008ರಲ್ಲಿ 'ಫಿಸಿಕಲ್ ರಿವ್ಯೂ ಇ' ಪತ್ರಿಕೆಯಲ್ಲಿ ಪ್ರಕಟವಾಯಿತು.

ಈ ಕಥೆಯನ್ನು ಕೋರ್ಸಿನವರು ಮೊದಲ ದಿನವೇ ಹೇಳುವುದುಂಟು. ಅದರ ಉತ್ತರಾರ್ಧವನ್ನು ಹೇಳುವುದಿಲ್ಲ. ತಟ್ಟೆಗಳು ಸೊಟ್ಟಗಾಗಿರಲಿಲ್ಲ, ಗೀಚಿದ್ದುದು ಇನ್ನೂ ಏನನ್ನೂ ಬರೆಯದಿದ್ದ ಭಾಗದಲ್ಲಿ. ಅದರಲ್ಲಿದ್ದ ಡಾಸ್ ಎಂಬ ಹಳೆಯ ಕಾರ್ಯಾಚರಣ ವ್ಯವಸ್ಥೆಯು ಕಡತಗಳನ್ನು ತಟ್ಟೆಯ ತುಂಬ ಚದುರಿಸದೆ ಒಂದೇ ಎಡೆಯಲ್ಲಿ ಬರೆದಿತ್ತು. ಅದೇ ನೌಕೆಯಿಂದ ಅದೇ ಇಂಜಿನಿಯರರ ಕೈಗೆ ಬಂದ ಇನ್ನೆರಡು ಡಿಸ್ಕುಗಳಿಂದ ಏನೂ ದೊರಕಲಿಲ್ಲ. ಕೈಚಳಕವಿದ್ದೂ ದೈವ ಒಲಿಯದಿದ್ದರೆ ಫಲವಿಲ್ಲವೆಂಬುದನ್ನು ವಿದ್ಯಾರ್ಥಿಗೆ ತಿಳಿಸುವ ಗುರುವನ್ನು ನಾನಂತೂ ಹೆಚ್ಚು ನಂಬುತ್ತೇನೆ.

ಯಾರು ಹೋಗಬಹುದು

ಇಷ್ಟು ಹೇಳಿದ ಮಾತ್ರಕ್ಕೆ ಕೋರ್ಸುಗಳೆಲ್ಲ ವ್ಯರ್ಥವೆಂಬುದು ನನ್ನ ಅಭಿಪ್ರಾಯವಲ್ಲ. ಪಿಸಿ-3000 ಎಂಬ ಉಪಕರಣವನ್ನು ತಯಾರಿಸುವ ಏಸ್ ಲ್ಯಾಬ್‌ನಂತಹ ಸಂಸ್ಥೆಗಳು ತಾವೇ ತರಬೇತಿಯನ್ನು ನಡೆಸುತ್ತವೆ. ಅಲ್ಲಿಗೆ ಹೋಗುವವರು ಸಾಮಾನ್ಯವಾಗಿ ಅಂಗಡಿಯನ್ನು ಇಟ್ಟುಕೊಂಡು, ಲಕ್ಷಗಟ್ಟಲೆ ಬೆಲೆಯ ಆ ಉಪಕರಣವನ್ನು ಕೊಂಡು, ನೂರಾರು ಡಿಸ್ಕುಗಳೊಡನೆ ಗುದ್ದಾಡಿ, ಎಲ್ಲಿ ಸಿಕ್ಕಿಹಾಕಿಕೊಂಡೆನೆಂಬುದನ್ನು ಪಟ್ಟಿ ಮಾಡಿಕೊಂಡು ಹೋದವರು. ಅಂಥವನಿಗೆ ಮೂರು ದಿನದ ಪಾಠವು ಮೂರು ವರ್ಷದ ತೊಡಕನ್ನು ಬಿಡಿಸೀತು. ಪ್ರಶ್ನೆಯಿಲ್ಲದೆ ಹೋದವನಿಗೆ ಅದೇ ಪಾಠವು ಪುರಾಣಶ್ರವಣ.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ಬಿಡಿಸಬೇಕು. ಚೀಟಿಗಳು ಡೇಟಾ ರಿಕವರಿಯನ್ನೂ ಡಿಜಿಟಲ್ ಫೊರೆನ್ಸಿಕ್ಸನ್ನೂ ಒಂದೇ ಉಸಿರಿನಲ್ಲಿ ಹೇಳುತ್ತವೆ. ಇವೆರಡೂ ನೆರೆಹೊರೆಯ ವಿದ್ಯೆಗಳಾದರೂ ಒಂದೇ ಅಲ್ಲ. ಫೊರೆನ್ಸಿಕ್ಸಿನವನ ಕಾಳಜಿ ಸಾಕ್ಷ್ಯದ್ದು: ಡಿಸ್ಕಿನ ಮೇಲೆ ಒಂದು ಬಿಟ್ಟೂ ಬದಲಾಗದಂತೆ ತಡೆಯೊಡ್ಡಿ ಪ್ರತಿ ತೆಗೆಯುವುದು, ಅದರ ಹ್ಯಾಶ್ ಮೌಲ್ಯವನ್ನು ದಾಖಲಿಸುವುದು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಂತೆ ನ್ಯಾಯಾಲಯಕ್ಕೆ ಪ್ರಮಾಣಪತ್ರ ಕೊಡುವುದು. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕೇಂದ್ರವಿದೆ. ಬೆಂಗಳೂರಿನಲ್ಲಿ ಪೊಲೀಸರಿಗಾಗಿ ಸಿ.ಐ.ಡಿ.ಯ ಸೈಬರ್ ಅಪರಾಧ ತನಿಖಾ ತರಬೇತಿ ಮತ್ತು ಸಂಶೋಧನಾ ಕೇಂದ್ರವಿದೆ. ಅಂತಹ ಶಿಕ್ಷಣಕ್ಕೆ ಉದ್ಯೋಗವುಂಟು, ಪದವಿಗೆ ಮಾನ್ಯತೆಯುಂಟು. ಆದರೆ ಹೆಡ್ ಹೋದ ಡಿಸ್ಕನ್ನು ಎಬ್ಬಿಸುವ ಕೆಲಸ ಅದರ ತಿರುಳಲ್ಲ.

ಕಾಲವೂ ಬದಲಾಗುತ್ತಿದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ತಿರುಗುವ ತಟ್ಟೆಯೇ ಇಲ್ಲ; ಚಿಪ್ಪುಗಳಲ್ಲಿಯೇ ಮಾಹಿತಿಯನ್ನಿಡುವ ಎಸ್‌ಎಸ್‌ಡಿ ಇದೆ. ಎಸ್‌ಎಸ್‌ಡಿಯಲ್ಲಿ ಅಳಿಸಿದ ಕಡತವನ್ನು ಟ್ರಿಮ್ ಎಂಬ ಆಜ್ಞೆಯು, ಹಾರ್ಡ್ ಡಿಸ್ಕಿನಲ್ಲಿದ್ದಂತೆ ಇದ್ದಲ್ಲಿಯೇ ಬಿಡದೆ, ಬಹುಬೇಗ ಇಲ್ಲವಾಗಿಸುತ್ತದೆ; ಗೂಢಲಿಪಿಯ ಬೀಗದ ಕೈ ಕಳೆದರೆ ಚಿಪ್ಪನ್ನು ಕಿತ್ತು ಓದಿದರೂ ಸಿಗುವುದು ಅರ್ಥವಿಲ್ಲದ ಅಂಕೆಗಳ ರಾಶಿ. ದೊಡ್ಡ ಹಾರ್ಡ್ ಡಿಸ್ಕುಗಳಲ್ಲಿ 2013ರಿಂದ ಈಚೆಗೆ ಹೀಲಿಯಮ್ ತುಂಬಿ ಬೆಸೆದವು ಬಂದಿವೆ. ಅವುಗಳನ್ನು ತೆರೆಯುವುದು ಇನ್ನೂ ದುಸ್ಸಾಧ್ಯ. ಇಷ್ಟಾದರೂ ಮನೆಮನೆಯ ಕಪಾಟುಗಳಲ್ಲಿಯೂ, ಸಿ.ಸಿ. ಕ್ಯಾಮೆರಾಗಳ ಪೆಟ್ಟಿಗೆಗಳಲ್ಲಿಯೂ, ಸ್ಟುಡಿಯೋದವರ ಬೀರುಗಳಲ್ಲಿಯೂ ತಿರುಗುವ ಡಿಸ್ಕುಗಳು ಬೇಕಾದಷ್ಟಿರುವುದರಿಂದ ಕಸುಬು ನಾಳೆಯೇ ಮುಳುಗುವುದಿಲ್ಲ. ಇಪ್ಪತ್ತರ ವಯಸ್ಸಿನ ಹುಡುಗನು ಇದೊಂದನ್ನೇ ನಂಬಿ ಬಾಳು ಕಟ್ಟಿಕೊಳ್ಳಬಹುದೆಂದು ಮಾತ್ರ ನಾನು ಹೇಳಲಾರೆ. ಮೊಬೈಲಿನ ಬೋರ್ಡು ರಿಪೇರಿಯನ್ನೋ ಬೆಸುಗೆಯ ಕೆಲಸವನ್ನೋ ಜೊತೆಗೆ ಕಲಿತಿರುವುದು ಕ್ಷೇಮ.

> ಚೌಕಟ್ಟು: ಹಣ ಕಟ್ಟುವ ಮೊದಲು
>
> ಕಲಿಸುವವರಿಗೆ ನಡೆಯುತ್ತಿರುವ ರಿಕವರಿ ಅಂಗಡಿ ಇದೆಯೇ, ಅಥವಾ ಕಲಿಸುವುದೇ ಕಸುಬೋ?
>
> ಪಿಸಿ-3000 ಅಥವಾ ಅಂತಹ ಉಪಕರಣದ ಮುಂದೆ ವಿದ್ಯಾರ್ಥಿ ತಾನೇ ಎಷ್ಟು ಹೊತ್ತು ಕೂರಬಹುದು?
>
> ಹೆಕ್ಸ್ ಎಡಿಟರಿಗೆ ಎಷ್ಟು ದಿನ, ರೆಡಿಮೇಡ್ ಸಾಫ್ಟ್‌ವೇರಿಗೆ ಎಷ್ಟು ದಿನ?
>
> ಕೋರ್ಸ್ ಮುಗಿದ ಮೇಲೆ ಸಂದೇಹ ಬಂದರೆ ಫೋನ್ ಎತ್ತುತ್ತಾರೆಯೇ?

ಮೊದಲು ಹೇಳಿದ ಒಂದು ಪ್ರಶ್ನೆಯನ್ನು ಚೌಕಟ್ಟಿನಲ್ಲಿ ಸೇರಿಸಲಿಲ್ಲ. ಕಂಬಗಳ ಮೇಲಿನ ಚೀಟಿಗಳಿಂದ ಸಂಖ್ಯೆಗಳನ್ನು ಬರೆದುಕೊಂಡು, ಸೇರಲಿರುವ ವಿದ್ಯಾರ್ಥಿಯೊಬ್ಬನ ಹಿರಿಯನಂತೆ ಮಾತನಾಡಿ, ಅದನ್ನು ನಾನೇ ಕೇಳಿ ನೋಡಿದೆನು: ಒಬ್ಬೊಬ್ಬ ವಿದ್ಯಾರ್ಥಿಗೆ ಕೆಡಿಸಲಿಕ್ಕೆಂದು ಎಷ್ಟು ಡಿಸ್ಕು ಕೊಡುತ್ತೀರಿ?

"ಕೆಡಿಸೋಕಾ?" ಎಂದರು ಒಬ್ಬರು. ಸ್ವಲ್ಪ ತಡೆದು, "ಒಂದು ಕೊಡ್ತೀವಿ ಸಾರ್. ಇಬ್ಬರಿಗೆ ಸೇರಿ." ಇನ್ನೊಬ್ಬರು, ಪ್ರಾಯೋಗಿಕವನ್ನೆಲ್ಲ ವಿಡಿಯೋದಲ್ಲಿ ಬಹಳ ಸ್ಪಷ್ಟವಾಗಿ ತೋರಿಸುತ್ತೇವೆಂದೂ, ಊಟ ತಿಂಡಿ ಶುಲ್ಕದಲ್ಲಿಯೇ ಸೇರಿದೆಯೆಂದೂ ತಿಳಿಸಿದರು.

ಮೂರನೆಯವರ ದನಿಯಲ್ಲಿ ವಯಸ್ಸಾಗಿತ್ತು. ಹಿಂದಿನಿಂದ ಬೆಸುಗೆಯ ಫ್ಯಾನಿನ ಸದ್ದು ಬರುತ್ತಿತ್ತು. "ಡಿಸ್ಕು ನಾವು ಕೊಡಲ್ಲ ಸಾರ್, ನಿಮ್ಮ ಹುಡುಗನೇ ತರ್ಲಿ. ಗುಜರೀಲಿ ಕೆ.ಜಿ. ಲೆಕ್ಕದಲ್ಲಿ ಸಿಗುತ್ತೆ. ಒಂದು ಚೀಲ ತರ್ಲಿ, ಎಲ್ಲಾನೂ ಕೆಡಿಸ್ಲಿ, ಪಕ್ಕದಲ್ಲಿ ನಾನಿರ್ತೀನಿ. ಆರು ತಿಂಗಳಂತೂ ಗಿರಾಕಿ ಮಾಲು ಮುಟ್ಟೋಕೆ ಬಿಡಲ್ಲ." ಪ್ರಮಾಣಪತ್ರವನ್ನು ಕೊಡುತ್ತೀರಾ ಎಂದು ಕೇಳಿದೆನು. "ಅದೆಲ್ಲ ಇಲ್ಲ ಸಾರ್, ಪ್ರಿಂಟರ್ ಕೆಟ್ಟಿದೆ," ಎಂದು ಅವರು ಫೋನ್ ಇಟ್ಟರು.